ಅಪ್ಪನ ಅಂಗಿಗೆ ಅಪ್ಪನದೇ ಸಹಿ

"ಈ ಮನೆಯ ಹೊಸ್ತಿಲು ದಾಟಬೇಕಾದರೆ ಫ್ಯಾಷನ್ನು ಮೊದಲು ನನ್ನ ಅನುಮತಿ ಪಡೀಬೇಕು" ಎಂದು ಒಂದು ಭಾನುವಾರ ಬೆಳಿಗ್ಗೆ ಮಿಲಿಮೀಟರ್ ಸಾಹೇಬರು ತಿಂಡಿ ತಟ್ಟೆಯ ಮುಂದೆ ಕುಳಿತು ಘೋಷಿಸಿದರು. ಆ ಹೊತ್ತಿಗೆ ಫ್ಯಾಷನ್ನು ಹೊಸ್ತಿಲು ದಾಟಿ, ಒಳಗೆ ಬಂದು, ಅವರ ಎದುರಿನ ಕುರ್ಚಿಯಲ್ಲೇ ಕುಳಿತು ಹಾಲು ಕುಡಿಯುತ್ತಿತ್ತು. ಅದಕ್ಕೆ ಹದಿನಾರು ವರ್ಷ. ನೆಲ ಗುಡಿಸುವಷ್ಟು ಉದ್ದದ ಪ್ಯಾಂಟು, ಒಂದೇ ಕಿವಿಗೆ ಓಲೆ. "ಆಯ್ತಪ್ಪ" ಎಂದು ಲೋಟ ಕೆಳಗಿಟ್ಟು ಅದು ಎದ್ದು ಹೋಯಿತು.

ಸಾಹೇಬರು ಅಳತೆ ಮತ್ತು ತೂಕದ ಇಲಾಖೆಯ ಇನ್‌ಸ್ಪೆಕ್ಟರು. ಊರಿನ ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಎಣ್ಣೆಯ ಅಳತೆ ಪಾತ್ರೆ, ಬಟ್ಟೆ ಅಳೆಯುವ ಮೀಟರು ಕಡ್ಡಿ, ಯಾವುದೂ ಅವರ ಕಣ್ಣು ತಪ್ಪಿಸುವಂತಿರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ನೋಟಿಸು ಬರೆಯುತ್ತಿದ್ದರಿಂದ ಕಚೇರಿಯವರು ಅವರಿಗೆ ಮಿಲಿಮೀಟರ್ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಕರೆಯಲೆಂದು ಇಟ್ಟ ಹೆಸರು. ಸಾಹೇಬರು ಅದನ್ನು ಬಿರುದೆಂದು ತಿಳಿದು ಎದುರಿನಿಂದಲೇ ಸ್ವೀಕರಿಸಿಬಿಟ್ಟರು. ಮನೆಯಲ್ಲೂ ಅದೇ ಆಡಳಿತ. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಅವರಿಗೆ ಊಟ ಗಂಟಲಲ್ಲಿ ಇಳಿಯದು. "ಸುಮಾರು", "ಅಂದಾಜು", "ಹೆಚ್ಚೂಕಡಿಮೆ" ಎಂಬ ಮಾತುಗಳಿಗೆ ಆ ಮನೆಯಲ್ಲಿ ಬಹಿಷ್ಕಾರ. ಉಪ್ಪು ಎಷ್ಟು ಹಾಕಿದೆ ಎಂದು ಕೇಳಿದರೆ ಅವರ ಹೆಂಡತಿ ಮಾತ್ರ "ಹಾಕಿದಷ್ಟು" ಎನ್ನುತ್ತಿದ್ದರು. ಆಕೆಗೆ ಗ್ರಂಥಾಲಯದಲ್ಲಿ ಕೆಲಸ. ಇಪ್ಪತ್ತು ವರ್ಷ ಪಿಸುಮಾತಿನಲ್ಲೇ ಜನರನ್ನು ಗದರಿಸಿ ಅಭ್ಯಾಸವಾಗಿ, ದನಿ ಎತ್ತದೆ ನೇರ ಮರ್ಮಕ್ಕೆ ತಾಗಿಸುವ ವಿದ್ಯೆ ಆಕೆಗೆ ಸಿದ್ಧಿಸಿತ್ತು.

ತಮ್ಮ ಮೇಲೆ ಯಾರ ಪ್ರಭಾವವೂ ಇಲ್ಲವೆಂಬುದು ಸಾಹೇಬರ ದೊಡ್ಡ ಹೆಮ್ಮೆ. ಅದು ನಿಜವೇ. ಪ್ಯಾಂಟನ್ನು ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ ಕಟ್ಟುವುದನ್ನು ಮಾತ್ರ ಅವರು ತಮ್ಮ ಮೊದಲ ಮೇಲಧಿಕಾರಿಯಿಂದ ಕಲಿತಿದ್ದರು. ಜೇಬಿಗೆ ಮೂರು ಬಣ್ಣದ ಪೆನ್ನು ಸಿಕ್ಕಿಸುವುದು ಹೈಸ್ಕೂಲಿನ ಗಣಿತದ ಮೇಷ್ಟರಿಂದ ಬಂದದ್ದು. ಬೈತಲೆ ಅವರ ತಂದೆಯದು, ಕೂದಲು ಹೋದ ಮೇಲೂ ಅದರ ಜಾಗವನ್ನು ಬಾಚಣಿಗೆ ಮರೆತಿರಲಿಲ್ಲ. ಮಾತಿಗೆ ಮೊದಲು ಎರಡು ಸಲ ಕೆಮ್ಮುವುದು ಮಾವನವರ ಕಡೆಯಿಂದ, ಮದುವೆಯಾದ ವರ್ಷವೇ ಅಂಟಿಕೊಂಡದ್ದು. ಇಷ್ಟನ್ನು ಕಳೆದರೆ ಉಳಿದ ಸಾಹೇಬರು ಸಂಪೂರ್ಣ ಸ್ವಂತ.

ಮಗಳ ಮೇಲೆ ಮಾತ್ರ ಊರವರದೆಲ್ಲ ಪ್ರಭಾವ ಎಂಬುದು ಅವರ ಕೊರಗು. ಒಂದು ಆರು ತಿಂಗಳು ಅವಳು ತಲೆಯಿಂದ ಕಾಲಿನವರೆಗೆ ಬರೀ ಕಪ್ಪು ಹಾಕಿದಳು. ಬಂದ ನೆಂಟರೊಬ್ಬರು ಗಾಬರಿಯಾಗಿ, ಯಾರಿಗೇನಾಯಿತು ಎಂದು ಸಾಹೇಬರನ್ನು ಒಳಗೆ ಕರೆದು ವಿಚಾರಿಸಿದ್ದರು. ಆಮೇಲೆ ಹತ್ತು ಉಗುರಿಗೆ ಹತ್ತು ಬಣ್ಣದ ಕಾಲ ಬಂತು. ಅದಾದ ಮೇಲೆ ಈ ನೆಲ ಗುಡಿಸುವ ಪ್ಯಾಂಟು. ಪ್ರತಿ ಸಲವೂ ಯಾರನ್ನು ನೋಡಿ ಕಲಿತೆ ಎಂದು ಸಾಹೇಬರು ಕೇಳುವರು. ಯಾರನ್ನೂ ಇಲ್ಲ, ಇದು ನನ್ನ ಸ್ವಂತ ಸ್ಟೈಲು ಎಂದು ಅವಳು ಹೇಳುವಳು. ಮಾರನೆಯ ದಿನ ಅವಳ ಏಳು ಮಂದಿ ಗೆಳತಿಯರು ಮನೆಗೆ ಬರುವರು, ಏಳೂ ಜನರ ಸ್ವಂತ ಸ್ಟೈಲೂ ಅದೇ ಪ್ಯಾಂಟು.

ಈ ಸಿಡುಕಿನ ಕೆಳಗೆ ಒಂದು ಆಸೆ ಇತ್ತು. ಮಗಳ ಮೂಗು, ಕಣ್ಣು, ಕೂದಲು, ಹಟ ಎಲ್ಲವೂ ತಾಯಿಯ ಕಡೆಯವು ಎಂದು ನೋಡಿದವರೆಲ್ಲ ಹೇಳಿ ಆಗಿತ್ತು. ತಮ್ಮ ಪಾಲಿಗೆ ಬಂದದ್ದು ಎಡಗಾಲಿನ ಕಿರುಬೆರಳು ಮಾತ್ರ, ಅದನ್ನು ಯಾರೂ ನೋಡುವುದಿಲ್ಲ. ಹುಟ್ಟಿನಿಂದ ಬಾರದಿದ್ದರೆ ಬೇಡ, ನೋಡಿಯಾದರೂ ಏನಾದರೊಂದನ್ನು ಅವಳು ತಮ್ಮಿಂದ ತೆಗೆದುಕೊಳ್ಳಲಿ ಎಂದು ಸಾಹೇಬರಿಗೆ ಬಹಳ ಆಸೆಯಿತ್ತು. ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆಂದು ತಿಳಿಯದೆ ಫ್ಯಾಷನ್ನನ್ನು ಬೈಯುತ್ತಿದ್ದರು.

ಹೀಗಿರುವಾಗ, ಘೋಷಣೆಯಾದ ಮೂರನೆಯ ವಾರ, ಮಗಳು ಅವರ ಅಂಗಿ ಹಾಕಿಕೊಂಡು ಕೋಣೆಯಿಂದ ಹೊರಬಂದಳು!

ಅದು ಅವರ ಹಳೆಯ ಬೂದು ಬಣ್ಣದ ಅಂಗಿ. ಭುಜ ಅರ್ಧ ತೋಳಿಗೆ ಇಳಿದಿತ್ತು, ಕೈ ಕಾಣುತ್ತಿರಲಿಲ್ಲ. ಜೇಬಿನಲ್ಲಿ ಅವರ ಹಸಿರು ಪೆನ್ನು ಇನ್ನೂ ಹಾಗೇ ಇತ್ತು. ಸಾಹೇಬರು ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕುವುದನ್ನೂ ಮರೆತರು.

"ಅಪ್ಪಾ, ಇದನ್ನ ನಾನು ಹಾಕ್ಕೊಳ್ಳಲಾ? ನಿನ್ನ ಅಂಗಿಗಳು ತುಂಬಾ ಚೆನ್ನಾಗಿವೆ" ಎಂದಳು ಮಗಳು.

ಇಪ್ಪತ್ತೈದು ವರ್ಷದಲ್ಲಿ ಸಾಹೇಬರ ಅಂಗಿಯ ಬಗ್ಗೆ ಯಾರೂ ಆಡಿರದ ಮಾತು. ಅವರ ಎದೆ ಉಬ್ಬಿ, ತಾವು ತೊಟ್ಟಿದ್ದ ಅಂಗಿಯೇ ಒಂದು ಸೈಜು ಚಿಕ್ಕದಾಯಿತು. ಎರಡು ಸಲ ಕೆಮ್ಮಿ, ಬೀರುವಿನಲ್ಲಿ ಯಾವುದು ಬೇಕಾದರೂ ತೆಗೆದುಕೋ, ನನ್ನದೆಲ್ಲ ನಿನ್ನದೇ ಅಲ್ಲವೇ ಎಂದು ಉದಾರವಾಗಿ ಹೇಳಿಬಿಟ್ಟರು. ಹೆಂಡತಿ ಪತ್ರಿಕೆಯ ಹಿಂದಿನಿಂದ ತಲೆ ಎತ್ತದೆ ಪಿಸುಗುಟ್ಟಿದರು.

"ಯಾವುದು ಬೇಕಾದರೂ ಅಂದ್ರಾ? ಒಂದು ಪಟ್ಟಿ ಮಾಡಿ ಕೊಡಿ, ಒಳ್ಳೇದು."

ತಂದೆ ಮಗಳ ನಡುವೆ ಪಟ್ಟಿ ಎಂಥದು ಎಂದು ಸಾಹೇಬರು ಆ ಮಾತಿಗೆ ಸೊಪ್ಪು ಹಾಕಲಿಲ್ಲ.

ಅಂದು ಕಚೇರಿಯಲ್ಲಿ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎದುರು ಮೇಜಿನ ಟಪಾಲು ಗುಮಾಸ್ತರಿಗೆ ಮಕ್ಕಳನ್ನು ಬೆಳೆಸುವ ಕ್ರಮವನ್ನು ಮಧ್ಯಾಹ್ನದವರೆಗೂ ವಿವರಿಸಿದರು. ಮಕ್ಕಳಿಗೆ ಬಾಯಲ್ಲಿ ಹೇಳಬಾರದು, ಬದುಕಿ ತೋರಿಸಬೇಕು, ಒಂದಲ್ಲ ಒಂದು ದಿನ ಅವರೇ ತಿರುಗಿ ನೋಡುತ್ತಾರೆ ಎಂದರು. ಗುಮಾಸ್ತರು ಅಂಟು ಹಚ್ಚುವುದನ್ನು ನಿಲ್ಲಿಸದೆ, ತಮ್ಮ ಮಗಳೂ ಮೊನ್ನೆಯಿಂದ ತಮ್ಮ ಅಂಗಿ ಹಾಕುತ್ತಿದ್ದಾಳೆ ಎಂದರು. ಸಾಹೇಬರಿಗೆ ಅದರಿಂದ ಸಂತೋಷವೇ ಆಯಿತು. ಗುಮಾಸ್ತರ ಮಗಳು ತಮ್ಮ ಮಗಳನ್ನು ನೋಡಿ ಕಲಿತಿರಬೇಕು, ಅಂದರೆ ಪ್ರಭಾವ ಆಗಲೇ ಬೀದಿ ದಾಟಿತು ಎಂದು ಲೆಕ್ಕ ಹಾಕಿಕೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ ಮಗಳು ಒಂದು ಅಂಗಿಯನ್ನು ಒಳಮಗ್ಗುಲು ಮೇಲಾಗಿ ಊಟದ ಮೇಜಿನ ಮೇಲೆ ಹರಡಿ, ಕತ್ತರಿ ಹಿಡಿದು ನಿಂತಿದ್ದಳು. ಸ್ವಲ್ಪ ಗಿಡ್ಡ ಮಾಡಬೇಕಿತ್ತು, ಸೀದಾ ಒಂದು ಗೆರೆ ಹಾಕಿಕೊಡುತ್ತೀಯಾ ಎಂದಳು. ಎಷ್ಟು ಗಿಡ್ಡ ಎಂದು ಸಾಹೇಬರು ಕೇಳಿದರು. ಸುಮಾರು ಇಷ್ಟು ಎಂದು ಅವಳು ಎರಡೂ ಕೈಯ ತೋರುಬೆರಳು ಅಗಲಿಸಿ ತೋರಿಸಿದಳು.

ಸುಮಾರು! ಸಾಹೇಬರ ಮೈಯಲ್ಲಿದ್ದ ಇಲಾಖೆ ಎಚ್ಚೆತ್ತಿತು. ಒಳಗೆ ಹೋಗಿ ಉಕ್ಕಿನ ಸ್ಕೇಲು, ಮೂಲೆಮಟ್ಟ, ಕನ್ನಡಕ, ಕಚೇರಿಯ ಅಳಿಸದ ಮಾರ್ಕರು ಪೆನ್ನು ತಂದರು. ಅವಳ ಬೆರಳುಗಳ ಅಂತರವನ್ನು ಮೂರು ಸಲ ಅಳೆದು ಸರಾಸರಿ ತೆಗೆದರು. ಇನ್ನೂರ ಮೂವತ್ತೊಂದು ಮಿಲಿಮೀಟರು. ಬಟ್ಟೆಯನ್ನು ಎಳೆಯದೆ ಸುಕ್ಕು ಬಿಡಿಸುವುದು ಹೇಗೆ, ಸ್ಕೇಲಿನ ತುದಿಯನ್ನು ನಂಬದೆ ಒಂದರ ಗೆರೆಯಿಂದ ಅಳೆಯುವುದು ಏಕೆ ಎಂಬುದನ್ನೆಲ್ಲ ಪಾಠ ಮಾಡುತ್ತ ಗೆರೆ ಎಳೆದರು. ಪರೀಕ್ಷಿಸಿದ ವಸ್ತುವಿನ ಮೇಲೆ ಸಹಿ ಮಾಡುವುದು ಕೈಗೆ ಬಂದ ಅಭ್ಯಾಸವಾದ್ದರಿಂದ ಗೆರೆಯ ಮೇಲ್ಗಡೆ ಪುಟ್ಟದಾಗಿ ಸಹಿ ಹಾಕಿ ತಾರೀಖನ್ನೂ ಬರೆದರು. ಮಗಳು ಕಣ್ಣರಳಿಸಿ ನೋಡಿ, ಎಷ್ಟು ಸೀದಾ ಬಂತಪ್ಪಾ ಎಂದಳು. ಅಷ್ಟು ಸಾಕಾಯಿತು. ಇನ್ನೊಂದು ತಾ ಎಂದರು ಸಾಹೇಬರು. ಅವಳು ತಂದಳು. ಮತ್ತೊಂದು ತಾ ಎಂದರು. ಸಂಜೆಯ ಹೊತ್ತಿಗೆ ಒಂಬತ್ತು ಅಂಗಿಗೆ ಗೆರೆ ಬಿದ್ದಿತ್ತು. ಎಲ್ಲವೂ ಒಳಮಗ್ಗುಲಾಗಿದ್ದವು, ಸಾಹೇಬರ ಕಣ್ಣು ಸ್ಕೇಲು ಬಿಟ್ಟು ಕದಲಲಿಲ್ಲ. ತಾವು ಯಾವ ಅಂಗಿಗೆ ಗೆರೆ ಎಳೆಯುತ್ತಿದ್ದೇವೆ ಎಂದು ಅವರು ಒಮ್ಮೆಯೂ ನೋಡಲಿಲ್ಲ.

ಗುರುವಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಒಂದು ದೊಡ್ಡ ವಿಚಾರಣೆ ಇತ್ತು. ಊರಿನ ಹೆಸರಾಂತ ಬಟ್ಟೆ ವ್ಯಾಪಾರಿಯ ಮೀಟರು ಕಡ್ಡಿ ಹನ್ನೆರಡು ಮಿಲಿಮೀಟರು ಗಿಡ್ಡ ಎಂದು ಸಾಹೇಬರು ಹಿಡಿದು ಎಂಟು ತಿಂಗಳಾಗಿತ್ತು. ಅಂದು ಅವರ ಸಾಕ್ಷಿ. ಕಾಲೇಜಿಗೆ ರಜವೂ ಇದ್ದದ್ದರಿಂದ ಮಗಳನ್ನು ಜೊತೆಗೆ ಕರೆದೊಯ್ದು ತಮ್ಮ ಪ್ರತಾಪವನ್ನು ತೋರಿಸುವುದೆಂದು ಸಾಹೇಬರು ತೀರ್ಮಾನಿಸಿದ್ದರು. ಅಂಗಿಯನ್ನು ಮೆಚ್ಚಿದವಳು ಅಂಗಿಯೊಳಗಿನ ಮನುಷ್ಯನನ್ನೂ ಮೆಚ್ಚಿಬಿಟ್ಟರೆ ಅವರ ಆಸೆ ಪೂರೈಸಿದಂತೆ.

ಸ್ನಾನ ಮುಗಿಸಿ ಬಂದ ಸಾಹೇಬರು ಬೀರುವಿನಿಂದ ತಮ್ಮ ವಿಚಾರಣೆಯ ಅಂಗಿಯನ್ನು ತೆಗೆದರು. ನೀಲಿ ಗೆರೆಯ, ಗಟ್ಟಿ ಕಾಲರಿನ, ವರ್ಷಕ್ಕೆ ಎರಡು ಮೂರು ಸಲ ಮಾತ್ರ ಹೊರಬರುವ ಅಂಗಿ. ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿತ್ತು. ತೋಳು ತೂರಿಸಿದರು, ಗುಂಡಿ ಹಾಕಲು ಶುರು ಮಾಡಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯ ಗುಂಡಿಯ ಜಾಗದಲ್ಲಿ ಸಾಹೇಬರ ಹೊಟ್ಟೆ ಇತ್ತು.

ಮನೆಯಲ್ಲಿ ಕೆಲವು ನಿಮಿಷ ನಡೆದದ್ದನ್ನು ವಿವರಿಸದಿರುವುದೇ ಮರ್ಯಾದೆ. ಹನ್ನೊಂದು ಅಂಗಿಗಳಲ್ಲಿ ಒಂಬತ್ತು ಹೀಗಾಗಿದ್ದವು. ಹತ್ತನೆಯದು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಹನ್ನೊಂದನೆಯದರ ಮೇಲೆ ಹಿಂದಿನ ದಿನ ಮೂರು ಪೆನ್ನುಗಳಲ್ಲಿ ಕೆಂಪಿನದು ಸೋರಿತ್ತು. ನನ್ನ ಅಂಗಿಯನ್ನು ಯಾರು ಕತ್ತರಿಸಿದ್ದು ಎಂದು ಸಾಹೇಬರು ಗುಡುಗಿದಾಗ, ಅವರದೇ ಇನ್ನೊಂದು ತುಂಡು ಅಂಗಿ ತೊಟ್ಟು ಹೊರಡಲು ಸಿದ್ಧಳಾಗಿದ್ದ ಮಗಳು ಬಂದು ಅಂಚನ್ನು ಮಡಚಿ ತೋರಿಸಿದಳು.

"ಗೆರೆ ನೀನೇ ಹಾಕಿದ್ದಲ್ವಾಪ್ಪಾ? ಸಹಿನೂ ಇದೆ ನೋಡು."

ಸಹಿ ಇತ್ತು. ತಾರೀಖೂ ಇತ್ತು. ಸಾಹೇಬರು ತಮ್ಮ ಸೇವೆಯಲ್ಲಿ ಸಾವಿರಾರು ಜನರ ಬಾಯಿ ಮುಚ್ಚಿಸಿದ ಸಹಿ, ಮೊದಲ ಸಲ ಅವರದೇ ಬಾಯಿ ಮುಚ್ಚಿಸಿತು.

ಬಸ್ಸಿಗೆ ಹೊತ್ತಾಗುತ್ತಿತ್ತು. ಕೊನೆಗೆ ಹೆಂಡತಿ ಡಬ್ಬದಿಂದ ಆರು ಸೇಫ್ಟಿ ಪಿನ್ನು ತಂದರು. ಸಾಹೇಬರ ಪ್ಯಾಂಟು ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲಿರುವುದನ್ನು ಕಂಡು ಇಷ್ಟು ವರ್ಷ ನಕ್ಕದ್ದಕ್ಕೆ ಆಕೆಗೆ ಅಂದು ಪಶ್ಚಾತ್ತಾಪವಾಗಿರಬೇಕು. ಅಂಗಿಯ ಅಂಚು ಪ್ಯಾಂಟಿನ ಅಂಚನ್ನು ಹೇಗೋ ಮುಟ್ಟಿತು. ಮುಂದೆ ಮೂರು, ಹಿಂದೆ ಮೂರು ಪಿನ್ನು ಚುಚ್ಚಿ, ಬೆಲ್ಟು ಬಿಗಿದು, ಆಕೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಉಸಿರು ಮೆಲ್ಲಗೆ ಬಿಡಿ. ಏನೇ ಆದರೂ ಕೈ ಮಾತ್ರ ಎತ್ತಬೇಡಿ" ಎಂದರು.

ವಿಚಾರಣಾ ಕೊಠಡಿಯಲ್ಲಿ ಮೇಲಿನ ಕುರ್ಚಿಯಲ್ಲಿದ್ದವರು ಹಿರಿಯ ಅಧಿಕಾರಿ, ಕನ್ನಡಕದ ಮೇಲಿನಿಂದ ನೋಡುವ ಗಂಭೀರ ಹೆಂಗಸು. ಒಂದು ಬದಿಗೆ ವ್ಯಾಪಾರಿ ಮತ್ತು ಅವನ ವಕೀಲರು. ಹಿಂದಿನ ಬೆಂಚಿನಲ್ಲಿ ಮಗಳು. ಸಾಹೇಬರು ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು, ಅರ್ಧ ಗಂಟೆ, ಒಂದು ಅಂಕಿಯನ್ನೂ ತಪ್ಪದೆ ಸಾಕ್ಷಿ ಹೇಳಿದರು. ಕುತ್ತಿಗೆಯಲ್ಲಿ ಬೆವರು ಇಳಿದರೂ ಒರೆಸಿಕೊಳ್ಳಲಿಲ್ಲ. ಅವರ ಶಿಸ್ತನ್ನು ಕಂಡು ಅಧಿಕಾರಿಯವರು ಒಮ್ಮೆ ಮೆಚ್ಚಿ ತಲೆಯನ್ನೂ ಆಡಿಸಿದರು. ಸಾಹೇಬರು ಓರೆಗಣ್ಣಿನಿಂದ ಹಿಂದಿನ ಬೆಂಚನ್ನು ನೋಡಿದರು. ಮಗಳು ಫೋನನ್ನು ಚೀಲದೊಳಗಿಟ್ಟು ಕೇಳುತ್ತಿದ್ದಳು. ಗೆದ್ದೆ ಎನ್ನಿಸಿತು ಅವರಿಗೆ.

ಆಗ ವಕೀಲರು ಎದ್ದು, ತಮ್ಮ ಕಕ್ಷಿದಾರರು ಬಟ್ಟೆಯನ್ನು ಹೇಗೆ ಅಳೆಯುತ್ತಿದ್ದರೆಂದು ಇನ್‌ಸ್ಪೆಕ್ಟರು ದಯವಿಟ್ಟು ಮಾಡಿ ತೋರಿಸಬೇಕು ಎಂದು ಮೀಟರು ಕಡ್ಡಿಯನ್ನೂ ಒಂದು ಥಾನು ಬಟ್ಟೆಯನ್ನೂ ಮುಂದಿಟ್ಟರು. ಬಾಯಲ್ಲೇ ಹೇಳುತ್ತೇನೆ ಎಂದರು ಸಾಹೇಬರು. ಬಾಯಲ್ಲಿ ಬಟ್ಟೆ ಅಳೆಯಲಾಗದು ಎಂದರು ವಕೀಲರು. ಅಧಿಕಾರಿಯವರೂ ತೋರಿಸಿ ಎಂದು ಸನ್ನೆ ಮಾಡಿದರು. ಸಾಹೇಬರು ಕಡ್ಡಿಯನ್ನು ಮೊದಲು ಸೊಂಟದ ಮಟ್ಟದಲ್ಲಿ ಹಿಡಿದರು. ಕಾಣುತ್ತಿಲ್ಲ, ಸ್ವಲ್ಪ ಮೇಲೆ ಎಂದರು ವಕೀಲರು. ಎದೆಯ ಮಟ್ಟಕ್ಕೆ ಎತ್ತಿದರು. ಇನ್ನೂ ಸ್ವಲ್ಪ ಎಂದರು. ಸಾಹೇಬರು ಮನಸ್ಸಿನಲ್ಲೇ ಹೆಂಡತಿಯ ಕ್ಷಮೆ ಕೇಳಿ ಎರಡೂ ಕೈಗಳನ್ನು ಭುಜದಷ್ಟು ಎತ್ತರಕ್ಕೆ ಚಾಚಿದರು.

ಮೊದಲ ಪಿನ್ನು ಮೇಜಿನ ಮೇಲೆ ಬಿತ್ತು. ಎರಡನೆಯದು ಬಿದ್ದ ಸದ್ದಿಗೆ ಪಕ್ಕದ ಟೈಪಿಸ್ಟು ಕೆಲಸ ನಿಲ್ಲಿಸಿದಳು. ಆಮೇಲೆ ಎಣಿಸುವ ಅಗತ್ಯವಿರಲಿಲ್ಲ. ಅಂಗಿ ಪರದೆಯ ಹಾಗೆ ಮೇಲೆದ್ದು, ಇಪ್ಪತ್ತೈದು ವರ್ಷ ಸರ್ಕಾರಿ ಗೌಪ್ಯತೆಯಲ್ಲಿದ್ದ ಹೊಟ್ಟೆ ಸಾರ್ವಜನಿಕ ಪರಿಶೀಲನೆಗೆ ತೆರೆದುಕೊಂಡಿತು. ಹಿಂದಿನ ಮೂರು ಪಿನ್ನುಗಳಲ್ಲಿ ಒಂದು ಬಿಚ್ಚಿಕೊಂಡು ಬೆನ್ನಿಗೆ ಚುಚ್ಚಿದ್ದರಿಂದ ಸಾಹೇಬರಿಗೆ ಕೈ ಇಳಿಸಲೂ ಆಗಲಿಲ್ಲ. ಹಾಗೇ ನಿಂತರು.

ವಕೀಲರಿಗೆ ಹಬ್ಬ. "ಮೇಡಂ, ಸ್ವಂತ ಮೈಮೇಲಿನ ಅಂಗಿ ಒಂದು ಗೇಣು ಗಿಡ್ಡ ಇರೋದು ಈ ಸಾಹೇಬರಿಗೆ ಗೊತ್ತಾಗಿಲ್ಲ. ನಮ್ಮ ಕಡ್ಡಿಯಲ್ಲಿ ಹನ್ನೆರಡು ಮಿಲಿಮೀಟರು ಹೇಗೆ ಗೊತ್ತಾಯಿತಂತೆ?"

ಕೊಠಡಿಯೆಲ್ಲ ನಗುವಾಯಿತು. ವ್ಯಾಪಾರಿ ಮಾತ್ರ ನಗಲಿಲ್ಲ. ಎರಡು ವಾರದಿಂದ ಊರಿನ ಅಪ್ಪಂದಿರೆಲ್ಲ ಹೊಸ ಅಂಗಿಗೆ ಬರುತ್ತಿದ್ದಾರೆ, ತಾನು ಪೂರ್ತಿ ಅಳತೆ ಕೊಟ್ಟ ಬಟ್ಟೆಯನ್ನು ಮನೆಯಲ್ಲಿ ಕತ್ತರಿಸಿಕೊಂಡರೆ ಅದಕ್ಕೂ ತನ್ನ ಮೇಲೇ ಕೇಸು ಹಾಕುತ್ತಾರೋ ಎಂಬ ಭಯ ಅವನ ಮುಖದಲ್ಲಿತ್ತು. ಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹಿಂದಿನ ಬೆಂಚಿನ ಕಡೆ ನೋಡುವ ಧೈರ್ಯವೇ ಬರಲಿಲ್ಲ.

ಅಲ್ಲಿಂದಲೇ ದನಿ ಬಂತು. "ಗೊತ್ತಾಗದೆ ಏನು? ಗೆರೆ ಹಾಕಿದ್ದು ಅವರೇ. ಇನ್ನೂರ ಮೂವತ್ತೊಂದು. ಎಲ್ಲಿ ಬೇಕಾದರೂ ಅಳೆದು ನೋಡಿ, ಒಂದು ಮಿಲಿಮೀಟರು ಆಚೀಚೆ ಇದ್ದರೆ ಹೇಳಿ."

ಮಗಳು ಎದ್ದು ನಿಂತಿದ್ದಳು. ಅಧಿಕಾರಿಯವರು ಕನ್ನಡಕದ ಮೇಲಿನಿಂದ ಅವಳನ್ನೂ, ಅವಳ ತುಂಡು ಅಂಗಿಯನ್ನೂ, ಸಾಹೇಬರ ತುಂಡು ಅಂಗಿಯನ್ನೂ ನೋಡಿದರು. ಆಮೇಲೆ ಜವಾನನನ್ನು ಕರೆದು, ಎರಡನ್ನೂ ಸರ್ಕಾರಿ ಟೇಪಿನಿಂದ ಅಳೆಯಲು ಹೇಳಿದರು. ಜವಾನ ಸಾಹೇಬರನ್ನು ಸುತ್ತು ಹಾಕಿ, ಕಾಲರಿನಿಂದ ಅಂಚಿನವರೆಗೆ ಎಂಟು ಕಡೆ ಅಳೆದ. ಮಗಳ ಅಂಗಿಯನ್ನೂ ಎಂಟು ಕಡೆ ಅಳೆದ. ಎರಡೂ ಒಂದೇ, ಎಲ್ಲ ಕಡೆಯೂ ಒಂದೇ. ಅಂಚಿನ ಒಳಗಿದ್ದ ಸಹಿಯನ್ನೂ ತಾರೀಖನ್ನೂ ಅಧಿಕಾರಿಯವರೇ ಓದಿ ದಾಖಲು ಮಾಡಿಸಿದರು.

"ಇವರ ಅಳತೆಯಲ್ಲಿ ಯಾವ ಅನುಮಾನವೂ ಇಲ್ಲ" ಎಂದರು ಅವರು. "ಅನುಮಾನ ಏನಿದ್ದರೂ ಇವರ ನೋಟದಲ್ಲಿ. ಕಡ್ಡಿ ಗಿಡ್ಡ ಇರೋದು ಸಾಬೀತಾಗಿದೆ. ಇನ್‌ಸ್ಪೆಕ್ಟರೇ, ಇನ್ನು ಕೈ ಇಳಿಸಿ."

ಮನೆಗೆ ಹೊರಟ ಬಸ್ಸಿನಲ್ಲಿ ಸಾಹೇಬರು ಹೊಟ್ಟೆಯ ಮೇಲೆ ಕಡತ ಹಿಡಿದು ಕುಳಿತಿದ್ದರೂ ಅವರ ಮುಖ ಬೆಳಗುತ್ತಿತ್ತು. ಕೇಸು ಗೆದ್ದದ್ದಕ್ಕಲ್ಲ. ತುಂಬಿದ ಕೊಠಡಿಯಲ್ಲಿ ಮಗಳು ಅಪ್ಪನ ಪರವಾಗಿ ಎದ್ದು ನಿಂತಿದ್ದಳು. ಮಾನ ಹೋದದ್ದು ಲೆಕ್ಕಕ್ಕೇ ಬರಲಿಲ್ಲ. ಅವಳ ಬಾಯಿಂದಲೇ ಒಮ್ಮೆ ಕೇಳಿಬಿಡೋಣ ಎಂದು ಎರಡು ಸಲ ಕೆಮ್ಮಿ, ಅದು ಸರಿ, ನನ್ನ ಅಂಗಿಗಳನ್ನೇ ಹಾಕಬೇಕೆಂದು ನಿನಗೇಕೆ ಅನ್ನಿಸಿತು ಎಂದು ವಿಚಾರಿಸಿದರು.

"ಓ, ಅದಾ" ಎಂದು ಮಗಳು ಫೋನು ತೆಗೆದು ತೋರಿಸಿದಳು. ಅದರಲ್ಲಿ ಎಲ್ಲೋ ಯಾವುದೋ ಊರಿನ ಒಬ್ಬ ಹುಡುಗಿ, ಅಪ್ಪನ ನೀಲಿ ಗೆರೆಯ ಅಂಗಿಯನ್ನು ಗಿಡ್ಡ ಮಾಡಿಕೊಂಡು ತೊಟ್ಟಿದ್ದಳು. ಅವಳನ್ನು ಲಕ್ಷಾಂತರ ಜನ ನೋಡುತ್ತಾರಂತೆ. ಕ್ಲಾಸಿನಲ್ಲಿ ಎಲ್ಲರೂ ಈಗ ಅಪ್ಪಂದಿರ ಅಂಗಿಯನ್ನೇ ಹಾಕುವುದಂತೆ. ಪಕ್ಕದಲ್ಲಿ ಆ ಹುಡುಗಿಯ ಅಪ್ಪನೂ ನಿಂತಿದ್ದ. ಅಗಲ ಭುಜ, ತೆಳು ಸೊಂಟ, ಪೂರ್ತಿ ಕೂದಲು. "ಇವಳ ಅಪ್ಪ ಎಷ್ಟು ಸ್ಮಾರ್ಟ್ ಅಲ್ವಾ?" ಎಂದಳು ಮಗಳು, ಸಹಜವಾಗಿ.

ಸಾಹೇಬರು ಹೌದೆಂದು ತಲೆಯಾಡಿಸಿದರು. ತಾವು ಇಷ್ಟು ದಿನ ಮೆರೆದದ್ದು ಯಾವನೋ ಅಪ್ಪನ ಪ್ರಭಾವದ ನೆರಳಿನಲ್ಲಿ ಎಂದು ತಿಳಿದು ಅವರಿಗೆ ನಿಜಕ್ಕೂ ನೋವಾಯಿತು.

ಮರುದಿನ ಸಂಜೆ ಅವರು ದರ್ಜಿಯ ಅಂಗಡಿಯ ಮುಂದೆ ಎರಡು ಸಲ ಹೋಗಿ ಬಂದು, ಒಳಗೆ ಬೇರೆ ಗಿರಾಕಿಗಳಿಲ್ಲವೆಂದು ಖಾತರಿಯಾದ ಮೇಲೆ ಹೊಕ್ಕರು. ಮಗಳಿಂದ ಹೇಗೋ ಕಳಿಸಿಕೊಂಡಿದ್ದ ಆ ಚಿತ್ರವನ್ನು ಫೋನಿನಲ್ಲಿ ತೆರೆದು, ಹುಡುಗಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಈ ಯಜಮಾನರು ತೊಟ್ಟಿರುವಂಥದೇ ಒಂದು ಎಂದು ದನಿ ತಗ್ಗಿಸಿ ಹೇಳಿದರು. ಅಳತೆ ಎಷ್ಟು ಎಂದು ದರ್ಜಿ ಕೇಳಿದ. ಜೀವಮಾನದಲ್ಲಿ ಮೊದಲ ಸಲ ಸಾಹೇಬರು, ನೋಡಿ ಅಂದಾಜಿನ ಮೇಲೆ ಹೊಲಿಯಪ್ಪ ಎಂದರು.

ಅಂಗಿ ಬಂತು. ಸಾಹೇಬರು ಅದನ್ನು ಬೀರುವಿನ ಎಲ್ಲಕ್ಕಿಂತ ಮುಂದೆ, ಬೆಳಕು ಬೀಳುವ ಕಡೆ ತೂಗುಹಾಕಿ, ಬಾಗಿಲನ್ನು ತೆರೆದೇ ಇಟ್ಟರು. ಒಂದು ದಿನ ಕಳೆಯಿತು, ನಾಲ್ಕು ದಿನ ಕಳೆಯಿತು, ಅಂಗಿ ಅಲ್ಲೇ ಇತ್ತು. ಆರನೆಯ ದಿನ ಮಗಳು ತಾಯಿಯ ಹಳೆಯ ಸ್ವೆಟರೊಂದನ್ನು ತೊಟ್ಟು ತಿಂಡಿಗೆ ಬಂದಳು. ಅಪ್ಪಂದಿರದು ಮುಗಿಯಿತು, ಈಗ ಅಮ್ಮಂದಿರ ಸರದಿ ಎಂದಳು. ಸಾಹೇಬರ ಹೆಂಡತಿ ಪತ್ರಿಕೆ ಮಡಚಿಟ್ಟು ಒಳಗೆ ಹೋಗಿ, ಉಳಿದ ಸ್ವೆಟರುಗಳನ್ನು ಒಂದೊಂದಾಗಿ ತೆಗೆದು ಮುಂದಿನ ಸಾಲಿನಲ್ಲಿ ಜೋಡಿಸತೊಡಗಿದರು. ಆಕೆಯ ಮುಖ ಅರಳಿದ್ದನ್ನು ಕಂಡು ಸಾಹೇಬರಿಗೆ ಬಹಳ ಹೊಟ್ಟೆಕಿಚ್ಚಾಯಿತು.

ಅವರು ಎದ್ದು ಹೋಗಿ ತಮ್ಮ ಹೊಸ ಅಂಗಿಯನ್ನು ತೊಟ್ಟು, ಕೈಯಲ್ಲಿ ಉಕ್ಕಿನ ಸ್ಕೇಲನ್ನೂ ಕತ್ತರಿಯನ್ನೂ ಹಿಡಿದು ಬಂದು ಮಗಳ ಮುಂದೆ ನಿಂತರು.

"ಪುಟ್ಟಿ, ಇದು ನನಗೆ ಉದ್ದ ಆಯ್ತು ಕಣೇ. ಗೆರೆ ನಾನೇ ಹಾಕ್ತೀನಿ. ನೀನು ಕತ್ತರಿಸಿ ಕೊಡ್ತೀಯಾ?"

ಮಗಳು ಸ್ವೆಟರಿನ ತೋಳನ್ನು ಮೇಲೆ ಸರಿಸಿಕೊಂಡು, ಅಪ್ಪನನ್ನು ಕಾಲರಿನಿಂದ ಬೆಲ್ಟಿನವರೆಗೆ ಒಮ್ಮೆ ನಿಧಾನವಾಗಿ ನೋಡಿದಳು. ಆಮೇಲೆ ಕತ್ತರಿಯನ್ನು ಅವರ ಕೈಯಿಂದ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು.

"ಬೇಡಪ್ಪ" ಎಂದಳು. "ನಿನ್ನ ವಯಸ್ಸಿಗೆ ಅದು ಚೆನ್ನಾಗಿ ಕಾಣಲ್ಲ."